ಎಲ್ಲ ಬ್ರೌಸರುಗಳಲ್ಲೂ ಒಂದೇ ಲೆಕ್ಕ: ಜಾಲತಾಣವುಳ್ಳ ವರ್ತಕರು ಅರಿತಿರಬೇಕಾದ ಜಾವಾಸ್ಕ್ರಿಪ್ಟ್ ವಿಚಾರ

ಸಗಟು ವರ್ತಕರು ಮಾತ್ರವಲ್ಲದೆ ಸಣ್ಣ ಪ್ರಮಾಣದ ತಯಾರಕರೂ ಇಂದು ತಮ್ಮದೇ ಆದ ಜಾಲತಾಣವನ್ನು ಹೊಂದಿರುವುದು ಸಾಮಾನ್ಯ ಸಂಗತಿಯಾಗಿದೆ. ಸರಕಿನ ಪಟ್ಟಿ, ದರ, ರಿಯಾಯಿತಿ, ತೆರಿಗೆ, ಸಾಗಣೆ ವೆಚ್ಚ ಇವೆಲ್ಲವನ್ನೂ ಗ್ರಾಹಕನು ತನ್ನ ಗಣಕಯಂತ್ರದಲ್ಲೋ ಮೊಬೈಲಿನಲ್ಲೋ ನೋಡಿ ಅಲ್ಲಿಂದಲೇ ಆರ್ಡರ್ ಕಳುಹಿಸುತ್ತಾನೆ. ಪ್ರಮಾಣದ ಅಂಕಿಯನ್ನು ಬದಲಿಸಿದ ಕೂಡಲೆ ಒಟ್ಟು ಮೊತ್ತವೂ ಬದಲಾಗುವುದು, ತಪ್ಪು ಜಿಎಸ್‌ಟಿ ಸಂಖ್ಯೆ ನಮೂದಿಸಿದರೆ ಕೆಂಪು ಅಕ್ಷರದ ಸೂಚನೆ ಬರುವುದು, ತಾರೀಖು ಆರಿಸಲು ಪುಟ್ಟ ಪಂಚಾಂಗ ತೆರೆದುಕೊಳ್ಳುವುದು ಇವೆಲ್ಲ ಜಾವಾಸ್ಕ್ರಿಪ್ಟ್ ಎಂಬ ಗಣಕ ಭಾಷೆಯ ಕೆಲಸ. ಈ ಕೆಲಸ ನಡೆಯುವುದು ವರ್ತಕನ ಸರ್ವರಿನಲ್ಲಿ ಅಲ್ಲ, ಗ್ರಾಹಕನ ಬ್ರೌಸರಿನಲ್ಲಿ ಎಂಬುದು ಇಲ್ಲಿ ಮುಖ್ಯವಾದ ಅಂಶ. ಎಂದರೆ ಸರಕು ವರ್ತಕನದು, ದರ ವರ್ತಕನದು, ಆದರೆ ತೂಗುವ ತಕ್ಕಡಿ ಮಾತ್ರ ಗ್ರಾಹಕನ ಮನೆಯದು.

ಆ ತಕ್ಕಡಿಗಳು ಎಲ್ಲೆಡೆ ಒಂದೇ ತೂಕ ತೋರಿಸುತ್ತವೆಯೇ? ಬಹುಕಾಲ ತೋರಿಸುತ್ತಿರಲಿಲ್ಲ. ಈಗ ಬಹುಮಟ್ಟಿಗೆ ತೋರಿಸುತ್ತವೆಯಾದರೂ ಪೂರ್ತಿಯಾಗಿ ಅಲ್ಲ. ಅಂಗಡಿಯಲ್ಲಿ ಏನಾದರೂ ಕೆಟ್ಟರೆ ಗ್ರಾಹಕನು ಗಲ್ಲಾಪೆಟ್ಟಿಗೆಯ ಮುಂದೆ ನಿಂತು ಕೇಳುತ್ತಾನೆ. ಜಾಲತಾಣದಲ್ಲಿ ‘ಆರ್ಡರ್ ಮಾಡಿ’ ಎಂಬ ಗುಂಡಿ ಕೆಲಸ ಮಾಡದಿದ್ದರೆ ಆತ ಸದ್ದಿಲ್ಲದೆ ಇನ್ನೊಬ್ಬರ ಜಾಲತಾಣಕ್ಕೆ ಹೋಗುತ್ತಾನೆ. ಆ ನಷ್ಟ ಯಾವ ಖಾತೆಯಲ್ಲೂ ಜಮೆಯಾಗುವುದಿಲ್ಲ, ಯಾವ ಲೆಕ್ಕಪರಿಶೋಧನೆಯಲ್ಲೂ ಸಿಕ್ಕುವುದಿಲ್ಲ.

ಭೇದ ಹುಟ್ಟಿದ ಬಗೆ

1956ರ ತೂಕ ಮತ್ತು ಅಳತೆಗಳ ಮಾನಕ ಕಾಯ್ದೆ ಬರುವ ಮುನ್ನ ನಮ್ಮ ದೇಶದಲ್ಲಿ ಊರಿಗೊಂದು ಸೇರು, ಪೇಟೆಗೊಂದು ಮಣ ಇದ್ದ ವಿಷಯ ಹಳೆಯ ವರ್ತಕ ಮನೆತನಗಳಿಗೆ ತಿಳಿದದ್ದೇ. ಜಾವಾಸ್ಕ್ರಿಪ್ಟಿನ ಆರಂಭದ ವರ್ಷಗಳೂ ಹಾಗೆಯೇ ಇದ್ದವು. 1995ರ ಮೇ ತಿಂಗಳಿನಲ್ಲಿ ಅಮೆರಿಕದ ನೆಟ್‌ಸ್ಕೇಪ್ ಸಂಸ್ಥೆಯಲ್ಲಿ ಬ್ರೆಂಡನ್ ಐಕ್ ಎಂಬವರು ಈ ಭಾಷೆಯ ಮೊದಲ ರೂಪವನ್ನು ಹತ್ತು ದಿನಗಳಲ್ಲಿ ಸಿದ್ಧಪಡಿಸಿದರು. ಮೊದಲು ಮೋಕಾ, ಬಳಿಕ ಲೈವ್‌ಸ್ಕ್ರಿಪ್ಟ್ ಎಂದಿದ್ದ ಹೆಸರು ಅದೇ ಡಿಸೆಂಬರಿನಲ್ಲಿ ಜಾವಾಸ್ಕ್ರಿಪ್ಟ್ ಎಂದಾಯಿತು. ಜಾವಾ ಭಾಷೆಗೂ ಇದಕ್ಕೂ ನೆಂಟಸ್ತನ ಅಷ್ಟಕ್ಕಷ್ಟೆ. ಆ ಕಾಲಕ್ಕೆ ಜಾವಾ ಎಂಬ ಹೆಸರಿಗೆ ಮಾರುಕಟ್ಟೆಯಲ್ಲಿ ಬೆಲೆಯಿತ್ತು, ಆದ್ದರಿಂದ ಆ ಹೆಸರು.

ಪ್ರತಿಸ್ಪರ್ಧಿಯಾದ ಮೈಕ್ರೋಸಾಫ್ಟ್ ಸುಮ್ಮನಿರಲಿಲ್ಲ. 1996ರ ಆಗಸ್ಟಿನಲ್ಲಿ ತನ್ನ ಇಂಟರ್ನೆಟ್ ಎಕ್ಸ್‌ಪ್ಲೋರರ್ 3ರೊಡನೆ ಅದೇ ಭಾಷೆಯ ತನ್ನದೇ ಆವೃತ್ತಿಯನ್ನು ಹೊರತಂದಿತು. ಜಾವಾಸ್ಕ್ರಿಪ್ಟ್ ಎಂಬುದು ಸನ್ ಸಂಸ್ಥೆಯ ಟ್ರೇಡ್‌ಮಾರ್ಕ್ ಆಗಿದ್ದುದರಿಂದ ತನ್ನದನ್ನು ಜೆಸ್ಕ್ರಿಪ್ಟ್ ಎಂದು ಕರೆಯಿತು. ಎರಡೂ ಕಡೆಯವರು ತಮಗೆ ತೋಚಿದಂತೆ ಹೊಸ ಸೌಲಭ್ಯಗಳನ್ನು ಸೇರಿಸತೊಡಗಿದರು. ಮಾನಕವೊಂದು ಬೇಕೆಂದು ಜಿನೀವಾದ ಎಕ್ಮಾ ಸಂಸ್ಥೆಗೆ ಒಪ್ಪಿಸಲಾಯಿತು. ಎಕ್ಮಾ ಎಂಬುದು 1961ರಲ್ಲಿ ಸ್ಥಾಪನೆಯಾದ ಯೂರೋಪಿನ ಗಣಕಯಂತ್ರ ತಯಾರಕರ ಸಂಘ. ನಮ್ಮ ವಾಣಿಜ್ಯ ಮಂಡಳಿಗಳ ದೂರದ ಬಂಧುವೆಂದರೂ ಸರಿಯೆ. 1997ರ ಜೂನ್‌ನಲ್ಲಿ ಅದು ಮೊದಲ ಮಾನಕವನ್ನು ಪ್ರಕಟಿಸಿತು. ಭಾಷೆಯ ವ್ಯಾಕರಣಕ್ಕೆ ಮಾನಕ ಬಂತಾದರೂ, ಆ ಭಾಷೆಯ ಮೂಲಕ ಪುಟದಲ್ಲಿನ ವಸ್ತುಗಳನ್ನು ಮುಟ್ಟುವ ಬಗೆ ಬೇರೆ ಬೇರೆಯಾಗಿಯೇ ಉಳಿಯಿತು. ಅದೇ ವರ್ಷ ಬಂದ ನೆಟ್‌ಸ್ಕೇಪ್ 4ರಲ್ಲಿ ಒಂದು ಕ್ರಮ, ಎಕ್ಸ್‌ಪ್ಲೋರರ್ 4ರಲ್ಲಿ ಇನ್ನೊಂದು ಕ್ರಮ. ಜಾಲತಾಣ ನಿರ್ಮಿಸುವವರು ಒಂದೇ ಕೆಲಸವನ್ನು ಎರಡು ಬಾರಿ ಬರೆದು ಎರಡು ಪಟ್ಟು ಕೂಲಿ ಕೇಳುತ್ತಿದ್ದ ಕಾಲವದು.

ಬಳಿಕ ನೆಟ್‌ಸ್ಕೇಪ್ ಸೋತಿತು. 2001ರ ಆಗಸ್ಟಿನಲ್ಲಿ ಎಕ್ಸ್‌ಪ್ಲೋರರ್ 6 ಬಂದ ಮೇಲೆ ಮೈಕ್ರೋಸಾಫ್ಟಿಗೆ ಎದುರಾಳಿಯೇ ಇಲ್ಲವಾಗಿ, ಮುಂದಿನ ಆವೃತ್ತಿಯು 2006ರ ಅಕ್ಟೋಬರ್‌ವರೆಗೂ ಹೊರಬರಲಿಲ್ಲ. ಏಕಸ್ವಾಮ್ಯದ ಪರಿಣಾಮವನ್ನು ವರ್ತಕರಿಗೆ ವಿವರಿಸಬೇಕಾಗಿಲ್ಲ. ಆ ಐದು ವರ್ಷಗಳಲ್ಲಿ ಜಗತ್ತಿನ ಅಸಂಖ್ಯ ಕಚೇರಿಗಳು, ಬ್ಯಾಂಕುಗಳು, ಸರ್ಕಾರಿ ಇಲಾಖೆಗಳು ಅದೊಂದೇ ಬ್ರೌಸರಿಗೆ ಹೊಂದುವಂತೆ ತಮ್ಮ ತಂತ್ರಾಂಶಗಳನ್ನು ಬರೆಸಿಕೊಂಡವು. 2004ರಲ್ಲಿ ಫೈರ್‌ಫಾಕ್ಸ್, 2008ರಲ್ಲಿ ಕ್ರೋಮ್ ಬಂದಾಗ ಆ ಪುಟಗಳು ಅವುಗಳಲ್ಲಿ ತೆರೆಯಲೊಲ್ಲದೆ ಹೋದವು.

ಆಗಸ್ಟ್, ಸೆಪ್ಟೆಂಬರ್ ಮತ್ತು ಅರವತ್ತು ಪೈಸೆ

ಭೇದಗಳು ಎಂತಹವು ಎಂಬುದಕ್ಕೆ ಲೆಕ್ಕಪತ್ರ ಬಲ್ಲವರಿಗೆ ಅರ್ಥವಾಗುವ ಕೆಲವು ನಿದರ್ಶನಗಳನ್ನು ನೋಡಬಹುದು.

ಅಕ್ಷರ ರೂಪದಲ್ಲಿರುವ ಅಂಕಿಯನ್ನು ಸಂಖ್ಯೆಯನ್ನಾಗಿ ಪರಿವರ್ತಿಸುವ ಆಜ್ಞೆಯೊಂದು ಜಾವಾಸ್ಕ್ರಿಪ್ಟಿನಲ್ಲಿದೆ. ಹಳೆಯ ಬ್ರೌಸರುಗಳು ಸೊನ್ನೆಯಿಂದ ಆರಂಭವಾಗುವ ಅಂಕಿಯನ್ನು ಅಷ್ಟಮಾನ ಪದ್ಧತಿಯದೆಂದು ಭಾವಿಸುತ್ತಿದ್ದವು. ಅಷ್ಟಮಾನದಲ್ಲಿ ಎಂಟು, ಒಂಬತ್ತು ಎಂಬ ಅಂಕಿಗಳೇ ಇಲ್ಲ. ಹೀಗಾಗಿ ‘01’ರಿಂದ ‘07’ರವರೆಗಿನ ತಿಂಗಳುಗಳು ಸರಿಯಾಗಿ ಬರುತ್ತಿದ್ದವು, ‘10’, ‘11’, ‘12’ ಸಹ ಸರಿಯಾಗಿ ಬರುತ್ತಿದ್ದವು, ಆದರೆ ‘08’ ಮತ್ತು ‘09’ ಮಾತ್ರ ಸೊನ್ನೆಯಾಗುತ್ತಿದ್ದವು. ಏಪ್ರಿಲಿನಲ್ಲಿ ಪರೀಕ್ಷಿಸಿ ಒಪ್ಪಿಕೊಂಡ ತಂತ್ರಾಂಶವು ಜುಲೈ ಮುಗಿಯುವವರೆಗೂ ನಿರ್ದೋಷವಾಗಿದ್ದು, ಆಗಸ್ಟ್ ಒಂದರಂದು ಕೆಡುತ್ತಿತ್ತು. ಅಕ್ಟೋಬರ್ ಬಂದೊಡನೆ ತಾನಾಗಿ ಸರಿಹೋಗುತ್ತಿತ್ತು! 2009ರ ಮಾನಕದಲ್ಲಿ ಈ ಪದ್ಧತಿಯನ್ನು ತೆಗೆದುಹಾಕಲಾಯಿತು. ಹಳೆಯ ಬ್ರೌಸರುಗಳು ಬಳಕೆಯಲ್ಲಿ ಉಳಿದಿದ್ದಷ್ಟು ಕಾಲ ದೋಷವೂ ಉಳಿಯಿತು. ದಶಮಾನದಲ್ಲೇ ಓದಬೇಕೆಂದು ಆಜ್ಞೆಯ ಜೊತೆಗೆ ಸ್ಪಷ್ಟವಾಗಿ ಹತ್ತು ಎಂಬ ಅಂಕಿಯನ್ನು ಬರೆದವರಿಗೆ ಈ ತೊಂದರೆ ಎಂದೂ ಬರಲಿಲ್ಲ.

ಇಸವಿಯ ಕಥೆ ಇನ್ನೂ ವಿಚಿತ್ರ. ವರ್ಷವನ್ನು ತಿಳಿಸುವ ಹಳೆಯ ಆಜ್ಞೆಯು 1999ರಲ್ಲಿ ಎಲ್ಲ ಕಡೆಯೂ 99 ಎಂದು ಉತ್ತರಿಸುತ್ತಿತ್ತು. ಅದರ ಹಿಂದೆ ‘19’ ಅಂಟಿಸಿದರೆ ಇಸವಿ ಸಿದ್ಧ. 2000ನೇ ಇಸವಿ ಬಂದಾಗ ನೆಟ್‌ಸ್ಕೇಪ್ 100 ಎಂದಿತು, ಎಕ್ಸ್‌ಪ್ಲೋರರ್ 2000 ಎಂದಿತು. ಒಂದರಲ್ಲಿ 19100, ಮತ್ತೊಂದರಲ್ಲಿ 192000 ಎಂಬ ಇಸವಿಗಳು ಜಾಲತಾಣಗಳ ಮೇಲೆ ಕಾಣಿಸಿಕೊಂಡವು.

ಪೈಸೆಯನ್ನು ಹತ್ತಿರದ ರೂಪಾಯಿಗೆ ತರುವ ವಿಷಯದಲ್ಲಿ ಎಕ್ಸ್‌ಪ್ಲೋರರ್ 8 ಮತ್ತು ಅದಕ್ಕಿಂತ ಹಿಂದಿನವು 0.60 ರೂಪಾಯಿಯನ್ನು ಸೊನ್ನೆಯೆಂದು ತೋರಿಸುತ್ತಿದ್ದವು. ಅದೇ ಪುಟವನ್ನು ಫೈರ್‌ಫಾಕ್ಸಿನಲ್ಲಿ ತೆರೆದರೆ ಒಂದು ರೂಪಾಯಿ. ಕೇಂದ್ರ ಜಿಎಸ್‌ಟಿ ಕಾಯ್ದೆಯ 170ನೇ ಪ್ರಕರಣವು ಐವತ್ತು ಪೈಸೆ ಮತ್ತು ಅದಕ್ಕೆ ಮೇಲ್ಪಟ್ಟದ್ದನ್ನು ಒಂದು ರೂಪಾಯಿಗೆ ಏರಿಸಬೇಕೆನ್ನುತ್ತದೆ. 2017ರಲ್ಲಿ ಆ ಕಾಯ್ದೆ ಬರುವ ಹೊತ್ತಿಗೆ ಹಳೆಯ ಎಕ್ಸ್‌ಪ್ಲೋರರುಗಳ ಕಾಲ ಮುಗಿಯುತ್ತ ಬಂದಿದ್ದುದು ಅದೃಷ್ಟವೆಂದೇ ಹೇಳಬೇಕು.

ಎಲ್ಲ ಬ್ರೌಸರುಗಳೂ ಒಂದೇ ಉತ್ತರ ಕೊಟ್ಟ ಮಾತ್ರಕ್ಕೆ ಉತ್ತರ ಸರಿಯೆಂದೇನೂ ಇಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ತೆರಿಗೆಯ ಲೆಕ್ಕ 1.005 ರೂಪಾಯಿ ಬಂದಿತೆನ್ನೋಣ. ಎರಡು ದಶಾಂಶ ಸ್ಥಾನಕ್ಕೆ ತಂದರೆ ವರ್ತಕನ ಕೈಲೆಕ್ಕ 1.01 ಎನ್ನುತ್ತದೆ. ಇಂದಿನ ಬ್ರೌಸರುಗಳೆಲ್ಲವೂ 1.00 ಎನ್ನುತ್ತವೆ. ಗಣಕಯಂತ್ರವು ಸಂಖ್ಯೆಯನ್ನು ದ್ವಿಮಾನದಲ್ಲಿ ಇಟ್ಟುಕೊಳ್ಳುವಾಗ 1.005 ಎಂಬುದು 1.005ಕ್ಕಿಂತ ಕೂದಲೆಳೆಯಷ್ಟು ಕಡಿಮೆಯಾಗಿರುತ್ತದೆ. ಇದು ದೋಷವಲ್ಲ, ಮಾನಕವೇ ಹಾಗಿದೆ. ಹತ್ತು ಪೈಸೆಗೆ ಇಪ್ಪತ್ತು ಪೈಸೆ ಕೂಡಿಸಿದರೆ ಮೂವತ್ತು ಪೈಸೆಗಿಂತ ಅತ್ಯಲ್ಪ ಹೆಚ್ಚು ಬರುವುದೂ ಇದೇ ಕಾರಣದಿಂದ. ಆದ್ದರಿಂದ ಅನುಭವಿಗಳು ಮೊತ್ತವನ್ನು ರೂಪಾಯಿಯಲ್ಲಿ ಇಡದೆ ಪೈಸೆಯಲ್ಲಿ ಪೂರ್ಣಾಂಕವಾಗಿ ಇಟ್ಟು ಲೆಕ್ಕ ಮಾಡಿ, ತೋರಿಸುವಾಗ ಮಾತ್ರ ನೂರರಿಂದ ಭಾಗಿಸುತ್ತಾರೆ. ಹಳೆಯ ಕಾಲದ ಗುಮಾಸ್ತರು ಆಣೆ ಪೈಗಳಿಗೆ ಬೇರೆ ಕಾಲಂ ಇಡುತ್ತಿದ್ದುದರಲ್ಲಿಯೂ ಇಂತಹುದೇ ವಿವೇಕವಿತ್ತು.

ಕಿರ್ದಿಯ ನಮೂದುಗಳನ್ನು ತಾರೀಖಿನ ಪ್ರಕಾರ ಜೋಡಿಸುವಾಗ ಒಂದೇ ದಿನದ ನಮೂದುಗಳು ತಮ್ಮ ಮೂಲ ಕ್ರಮದಲ್ಲೇ ಉಳಿಯಬೇಕೆಂದು ಯಾರಾದರೂ ಬಯಸುತ್ತಾರೆ. ಫೈರ್‌ಫಾಕ್ಸಿನಲ್ಲಿ ಹಾಗೆಯೇ ಉಳಿಯುತ್ತಿದ್ದವು. ಕ್ರೋಮ್‌ನಲ್ಲಿ ಹತ್ತು ನಮೂದುಗಳವರೆಗೆ ಉಳಿಯುತ್ತಿದ್ದವು, ಹನ್ನೊಂದನೆಯದು ಸೇರಿದೊಡನೆ ಕ್ರಮ ಕೆಡಬಹುದಾಗಿತ್ತು. ಸಣ್ಣ ಪಟ್ಟಿಗೆ ಒಂದು ವಿಧಾನ, ದೊಡ್ಡ ಪಟ್ಟಿಗೆ ಇನ್ನೊಂದು ವಿಧಾನ ಅದರೊಳಗಿದ್ದುದೇ ಕಾರಣ. ನಾಲ್ಕು ಬಿಲ್ಲುಗಳನ್ನಿಟ್ಟು ಮಾಡಿದ ಪರೀಕ್ಷೆಯಲ್ಲಿ ಇದು ಹೇಗೆ ತಾನೆ ತಿಳಿಯಬೇಕು? 2018ರಲ್ಲಿ ಕ್ರೋಮ್‌ನ 70ನೇ ಆವೃತ್ತಿಯು ಇದನ್ನು ಸರಿಪಡಿಸಿತು. 2019ರ ಮಾನಕವು ಮೂಲ ಕ್ರಮ ಉಳಿಯುವುದನ್ನು ಕಡ್ಡಾಯಗೊಳಿಸಿತು.

ಇಂದಿಗೂ ಎಚ್ಚರ ಬೇಕಾದದ್ದು ತಾರೀಖಿನ ಬರವಣಿಗೆಯಲ್ಲಿ. ‘05/04/2024’ ಎಂದರೆ ನಮಗೆ ಏಪ್ರಿಲ್ ಐದು, ಹೊಸ ಹಣಕಾಸು ವರ್ಷದ ಮೊದಲ ವಾರ. ಬ್ರೌಸರುಗಳು ಅದನ್ನು ಅಮೆರಿಕದ ರೂಢಿಯಂತೆ ಮೇ ನಾಲ್ಕು ಎಂದು ಓದುತ್ತವೆ. ‘31/03/2024’ ಎಂದು ಕೊಟ್ಟರೆ ಮೂವತ್ತೊಂದನೆಯ ತಿಂಗಳಿಲ್ಲವೆಂದು ಇಂದಿನ ಪ್ರಮುಖ ಬ್ರೌಸರುಗಳು ತಿರಸ್ಕರಿಸುತ್ತವೆ. ಮಾನಕವು ಒಪ್ಪಿರುವ ‘2024-04-01’ ಎಂಬ ರೂಪವೊಂದೇ ಸುರಕ್ಷಿತ. ಅದರಲ್ಲೂ ಒಂದು ಸೂಕ್ಷ್ಮವಿದೆ. ಸಮಯ ನಮೂದಿಸದ ಈ ರೂಪವನ್ನು ಗ್ರೀನ್‌ವಿಚ್ ಮಧ್ಯರಾತ್ರಿಯೆಂದು ಪರಿಗಣಿಸಲಾಗುತ್ತದೆ. ಬೆಂಗಳೂರಿನಲ್ಲಿ ಅದು ಏಪ್ರಿಲ್ ಒಂದರ ಬೆಳಗಿನ ಐದೂವರೆ ಗಂಟೆ, ನ್ಯೂಯಾರ್ಕಿನಲ್ಲಿ ಕುಳಿತು ನೋಡುವ ಖರೀದಿದಾರನಿಗೆ ಮಾರ್ಚ್ 31ರ ಸಂಜೆ. ರಫ್ತು ವ್ಯವಹಾರದ ಬಿಲ್ಲಿನಲ್ಲಿ ಹಣಕಾಸು ವರ್ಷವೇ ಹಿಂದಕ್ಕೆ ಸರಿದಂತೆ ಕಾಣುವುದಕ್ಕೆ ಇಷ್ಟು ಸಾಕು.

ಲಕ್ಷ, ಕೋಟಿಯ ಅಲ್ಪವಿರಾಮಗಳ ವಿಷಯವನ್ನೂ ಹೇಳಬಹುದು. 10,00,000 ಎಂದು ನಮ್ಮ ಪದ್ಧತಿಯಲ್ಲಿ ತೋರಿಸಬೇಕೆಂಬ ಸೂಚನೆಯನ್ನು ಇಂದಿನ ಬ್ರೌಸರುಗಳೆಲ್ಲ ಪಾಲಿಸುತ್ತವೆ. ಇದಕ್ಕೆ ಮಾನಕ ಬಂದದ್ದು 2012ರ ಕೊನೆಯಲ್ಲಿ. ಆಪಲ್ ಸಂಸ್ಥೆಯ ಸಫಾರಿ ಬ್ರೌಸರ್ ಇದನ್ನು ಅಳವಡಿಸಿಕೊಂಡದ್ದು 2016ರಲ್ಲಿ.

ಕೊರಿಯಾ ದೇಶದ ಕೋಟು

ಒಂದೇ ಬ್ರೌಸರನ್ನು ನಂಬಿದ ವ್ಯಾಪಾರಕ್ಕೆ ಏನಾಗಬಹುದು ಎಂಬುದಕ್ಕೆ ದಕ್ಷಿಣ ಕೊರಿಯಾಕ್ಕಿಂತ ಉತ್ತಮ ನಿದರ್ಶನ ಸಿಕ್ಕಲಾರದು. 1990ರ ದಶಕದ ಕೊನೆಯಲ್ಲಿ ಅಮೆರಿಕವು ಬಲವಾದ ಗೂಢಲಿಪಿ ತಂತ್ರಜ್ಞಾನದ ರಫ್ತನ್ನು ನಿರ್ಬಂಧಿಸಿತ್ತು. ವಿದೇಶಗಳಿಗೆ ಹೋಗುತ್ತಿದ್ದ ಬ್ರೌಸರುಗಳಲ್ಲಿ ದುರ್ಬಲ ರಕ್ಷಣೆ ಮಾತ್ರ ಇರುತ್ತಿತ್ತು. ಬ್ಯಾಂಕು ವ್ಯವಹಾರಕ್ಕೆ ಅದು ಸಾಲದೆಂದು ಕೊರಿಯಾದವರು ಸೀಡ್ ಎಂಬ ತಮ್ಮದೇ ಗೂಢಲಿಪಿ ವಿಧಾನವನ್ನು ರೂಪಿಸಿದರು. ಬ್ರೌಸರಿನಲ್ಲಿ ಸಹಜವಾಗಿ ಇಲ್ಲದ ಈ ವಿಧಾನವನ್ನು ಸೇರಿಸಲು ಎಕ್ಸ್‌ಪ್ಲೋರರಿನ ಆಕ್ಟಿವ್‌ಎಕ್ಸ್ ಎಂಬ ಜೋಡಣೆಯನ್ನು ಬಳಸಿದರು. 1999ರ ವಿದ್ಯುನ್ಮಾನ ಸಹಿ ಕಾಯ್ದೆಯ ಹಿಂದೆಯೇ ಪ್ರಮಾಣಪತ್ರ ವ್ಯವಸ್ಥೆಯೂ ಬಂತು.

ಆ ಹೊತ್ತಿಗೆ ಅದು ಸಮಂಜಸವಾದ ನಿರ್ಧಾರವೇ ಆಗಿತ್ತು. 2000ದ ಜನವರಿಯಲ್ಲಿ ಅಮೆರಿಕ ತನ್ನ ನಿರ್ಬಂಧವನ್ನು ಸಡಿಲಿಸಿತಾದರೂ ಕೊರಿಯಾದ ವ್ಯವಸ್ಥೆ ಆಗಲೇ ಬೇರು ಬಿಟ್ಟಿತ್ತು. ಬ್ಯಾಂಕು, ಅಂಗಡಿ, ಸರ್ಕಾರಿ ಕಚೇರಿ ಎಲ್ಲೆಡೆ ಎಕ್ಸ್‌ಪ್ಲೋರರ್ ಇಲ್ಲದೆ ಕೆಲಸ ಸಾಗದಂತಾಯಿತು. ಅತ್ಯಂತ ವೇಗದ ಅಂತರ್ಜಾಲವುಳ್ಳ ದೇಶವೆಂದು ಹೆಸರಾದ ನಾಡಿನಲ್ಲಿ ಫೈರ್‌ಫಾಕ್ಸ್ ಬಳಸುವವನು ಒಂದು ಪುಸ್ತಕ ಕೊಳ್ಳಲೂ ಪರದಾಡಬೇಕಾಗಿತ್ತು.

2014ರಲ್ಲಿ ಕೊರಿಯಾದ ದೂರದರ್ಶನ ಧಾರಾವಾಹಿಯೊಂದು ಚೀನಾದಲ್ಲಿ ಬಹಳ ಜನಪ್ರಿಯವಾಯಿತು. ಅದರ ನಾಯಕಿ ಧರಿಸಿದ್ದ ಕೋಟನ್ನು ಕೊಳ್ಳಲು ಚೀನಾದ ಅಭಿಮಾನಿಗಳು ಕೊರಿಯಾದ ಜಾಲತಾಣಗಳಿಗೆ ಬಂದರೆ, ಹಣ ಪಾವತಿ ಮಾಡಲಾಗಲಿಲ್ಲ. ಆಕ್ಟಿವ್‌ಎಕ್ಸ್ ಜೋಡಣೆಯೂ ಕೊರಿಯಾದ ಪ್ರಮಾಣಪತ್ರವೂ ಅವರ ಬಳಿ ಎಲ್ಲಿಂದ ಬರಬೇಕು? ಅಂದಿನ ರಾಷ್ಟ್ರಾಧ್ಯಕ್ಷೆ ಪಾರ್ಕ್ ಗುನ್-ಹೇ ಅವರು ಆ ವರ್ಷದ ಮಾರ್ಚ್‌ನಲ್ಲಿ ನಿಯಂತ್ರಣ ಸುಧಾರಣೆಯ ಸಭೆಯಲ್ಲಿ ಈ ಕೋಟಿನ ವಿಷಯವನ್ನೇ ಎತ್ತಿದರು. ಕೊಳ್ಳುವವನು ಹಣ ಹಿಡಿದು ಬಾಗಿಲಲ್ಲಿ ನಿಂತಿದ್ದಾನೆ, ಸರಕು ಉಗ್ರಾಣದಲ್ಲಿದೆ, ನಡುವೆ ಬ್ರೌಸರ್ ಅಡ್ಡ ಬಂದಿದೆ! ಬಳಿಕ ನಿಯಮಗಳು ಒಂದೊಂದಾಗಿ ಸಡಿಲಗೊಂಡು, ಹಳೆಯ ಪ್ರಮಾಣಪತ್ರದ ವಿಶೇಷ ಸ್ಥಾನವು 2020ರ ಡಿಸೆಂಬರ್‌ನಲ್ಲಿ ರದ್ದಾಯಿತು. ಆರಂಭದ ತಾಂತ್ರಿಕ ನಿರ್ಧಾರವನ್ನು ಕಳಚಿಕೊಳ್ಳಲು ಇಪ್ಪತ್ತು ವರ್ಷಗಳೇ ಬೇಕಾದವು.

ನಮ್ಮಲ್ಲಿಯೂ ಡಿಜಿಟಲ್ ಸಹಿ ಬಳಸುವವರಿಗೆ ಇದರ ಸಣ್ಣ ರೂಪದ ಪರಿಚಯವಿದೆ. ಒಂದು ಕಾಲಕ್ಕೆ ಸಹಿಯ ಟೋಕನನ್ನು ಓದಲು ಬ್ರೌಸರಿನೊಳಗೆ ಜಾವಾ ಜೋಡಣೆ ಬೇಕಾಗುತ್ತಿತ್ತು. ಭದ್ರತೆಯ ಕಾರಣದಿಂದ ಕ್ರೋಮ್ 2015ರ ಸೆಪ್ಟೆಂಬರ್‌ನಲ್ಲಿ, ಫೈರ್‌ಫಾಕ್ಸ್ 2017ರ ಮಾರ್ಚ್‌ನಲ್ಲಿ ಇಂತಹ ಜೋಡಣೆಗಳಿಗೆ ಬಾಗಿಲು ಮುಚ್ಚಿದವು. ರಿಟರ್ನ್ ಸಲ್ಲಿಕೆಯ ಕೊನೆಯ ದಿನ ಹಳೆಯ ಬ್ರೌಸರನ್ನು ಹುಡುಕಿ ಮತ್ತೆ ಅಳವಡಿಸಿದ ಕಚೇರಿಗಳು ಕಡಿಮೆಯೇನಲ್ಲ. ಜಿಎಸ್‌ಟಿ ಜಾಲತಾಣವು ಇದಕ್ಕೆ ಎಮ್‌ಸೈನರ್ ಎಂಬ ಪ್ರತ್ಯೇಕ ಕಿರು ತಂತ್ರಾಂಶವನ್ನು ಗಣಕಯಂತ್ರದಲ್ಲೇ ಅಳವಡಿಸುವ ಮಾರ್ಗ ಹಿಡಿಯಿತು. ಪುಟದಲ್ಲಿನ ಜಾವಾಸ್ಕ್ರಿಪ್ಟ್ ಆ ಕಿರು ತಂತ್ರಾಂಶದೊಡನೆ ಮಾತನಾಡುತ್ತದೆ, ಆದ್ದರಿಂದ ಬ್ರೌಸರ್ ಯಾವುದೆಂಬ ಪ್ರಶ್ನೆಯ ತೀವ್ರತೆ ತಗ್ಗಿದೆ.

ಪರಿಹಾರದ ದಾರಿಗಳು

ಬ್ರೌಸರುಗಳ ಭೇದವನ್ನು ನಿಭಾಯಿಸಲು ಮೊದಲು ಹಿಡಿದ ದಾರಿ ಹೆಸರು ಕೇಳುವುದು. ಬ್ರೌಸರ್ ತನ್ನ ಹೆಸರು, ಆವೃತ್ತಿಗಳನ್ನು ತಿಳಿಸುವ ಒಂದು ಸಾಲನ್ನು ಕಳುಹಿಸುತ್ತದೆ. ಅದನ್ನು ನೋಡಿ ಪುಟವು ತನ್ನ ವರ್ತನೆಯನ್ನು ನಿರ್ಧರಿಸುವುದು. ಆದರೆ ಜಾಲತಾಣಗಳು ಪರಿಚಿತ ಹೆಸರಿಲ್ಲದವರಿಗೆ ಒಳ್ಳೆಯ ಪುಟ ಕೊಡದಿದ್ದುದರಿಂದ ಬ್ರೌಸರುಗಳು ಸುಳ್ಳು ಹೇಳುವುದನ್ನು ಕಲಿತವು. ಎಕ್ಸ್‌ಪ್ಲೋರರ್ ತನ್ನನ್ನು ನೆಟ್‌ಸ್ಕೇಪಿನ ಗುರುತಾದ ಮೊಝಿಲ್ಲಾ ಎಂದು ಕರೆದುಕೊಂಡಿತು. ಕ್ರೋಮ್ ಇಂದಿಗೂ ತನ್ನ ಸಾಲಿನಲ್ಲಿ ಮೊಝಿಲ್ಲಾ ಮತ್ತು ಸಫಾರಿ ಎಂಬೆರಡೂ ಹೆಸರುಗಳನ್ನು ಹೊತ್ತಿದೆ. 2009ರಲ್ಲಿ ಒಪೆರಾ ಬ್ರೌಸರಿನ ಹತ್ತನೇ ಆವೃತ್ತಿ ಬಂದಾಗ, ಆವೃತ್ತಿಯ ಮೊದಲ ಅಂಕಿಯನ್ನಷ್ಟೇ ಓದುತ್ತಿದ್ದ ಜಾಲತಾಣಗಳು ಅದನ್ನು ಒಂದನೇ ಆವೃತ್ತಿಯೆಂದು ತಿಳಿಯುವಂತಾಯಿತು. ಆ ಸಂಸ್ಥೆ ಬೇರೆ ದಾರಿಯಿಲ್ಲದೆ 9.80 ಎಂದೇ ಹೇಳಿಕೊಳ್ಳಬೇಕಾಯಿತು. ಹೊಸ ಗಿರಾಕಿಯ ಯೋಗ್ಯತೆಯನ್ನು ಹೆಸರಿನಿಂದ ಅಳೆಯುವ ವರ್ತಕನಿಗೆ ಆಗುವುದೇ ಇಲ್ಲಿಯೂ ಆಯಿತು.

ಸರಿಯಾದ ದಾರಿಯೆಂದರೆ ಹೆಸರನ್ನು ಕೇಳದೆ ಸಾಮರ್ಥ್ಯವನ್ನು ಪರೀಕ್ಷಿಸುವುದು. ಈ ಸೌಲಭ್ಯ ನಿನ್ನಲ್ಲಿದೆಯೇ ಎಂದು ಕೇಳಿ, ಇದ್ದರೆ ಬಳಸುವುದು, ಇಲ್ಲದಿದ್ದರೆ ಬದಲಿ ದಾರಿ ಹಿಡಿಯುವುದು. 2006ರ ಜನವರಿಯಲ್ಲಿ ಜಾನ್ ರೆಸಿಗ್ ಅವರು ಪ್ರಕಟಿಸಿದ ಜೆಕ್ವೆರಿ ಎಂಬ ಸಂಗ್ರಹವು ಬ್ರೌಸರುಗಳ ಭೇದಗಳನ್ನೆಲ್ಲ ತನ್ನ ಹೊಟ್ಟೆಯೊಳಗೆ ಹಾಕಿಕೊಂಡು ಹೊರಗೆ ಒಂದೇ ರೀತಿಯ ಆಜ್ಞೆಗಳನ್ನು ಕೊಟ್ಟಿತು. ಉಚಿತವಾಗಿ ದೊರೆತ ಈ ಸಂಗ್ರಹ ಜಾಲತಾಣ ನಿರ್ಮಾಣದ ವೆಚ್ಚವನ್ನು ಎಷ್ಟು ತಗ್ಗಿಸಿತೆಂಬುದನ್ನು ಆ ಕಾಲದ ಕೊಟೇಷನ್ನುಗಳನ್ನು ಇಟ್ಟುಕೊಂಡವರು ಬಲ್ಲರು. ಬಹಳಷ್ಟು ಹಳೆಯ ಜಾಲತಾಣಗಳಲ್ಲಿ ಅದು ಇಂದಿಗೂ ದುಡಿಯುತ್ತಿದೆ.

ಹೊಸ ಬ್ರೌಸರಿನಲ್ಲಿ ಇರುವ ಆಜ್ಞೆ ಹಳೆಯದರಲ್ಲಿ ಇಲ್ಲದಿದ್ದರೆ ಅದನ್ನು ಜಾವಾಸ್ಕ್ರಿಪ್ಟಿನಲ್ಲೇ ಬರೆದು ತುಂಬಿಸುವ ಕ್ರಮವೂ ಇದೆ. ಇದಕ್ಕೆ ಪಾಲಿಫಿಲ್ ಎಂದು ಹೆಸರು. ಬ್ರಿಟನ್ನಿನಲ್ಲಿ ಗೋಡೆಯ ಬಿರುಕು ತುಂಬಲು ಬಳಸುವ ಪಾಲಿಫಿಲ್ಲಾ ಎಂಬ ಮಾಲಿನಿಂದ ಬಂದ ಹೆಸರಿದು. ಆದರೆ ಭಾಷೆಯ ವ್ಯಾಕರಣವೇ ಹೊಸದಾಗಿದ್ದರೆ ಬಿರುಕು ತುಂಬಿ ಪ್ರಯೋಜನವಿಲ್ಲ. ಪುಟದ ವಿನ್ಯಾಸದಲ್ಲಿ ತಿಳಿಯದ ಆಜ್ಞೆ ಬಂದರೆ ಬ್ರೌಸರ್ ಅದೊಂದನ್ನು ಬಿಟ್ಟು ಮುಂದೆ ಸಾಗುತ್ತದೆ. ಜಾವಾಸ್ಕ್ರಿಪ್ಟಿನಲ್ಲಿ ಹಾಗಲ್ಲ. 2020ರಲ್ಲಿ ಬಂದ ಹೊಸ ಚಿಹ್ನೆಯೊಂದನ್ನು ಅರಿಯದ ಬ್ರೌಸರ್ ಆ ಕಡತವನ್ನೇ ಪೂರ್ತಿಯಾಗಿ ತಿರಸ್ಕರಿಸುತ್ತದೆ. ಒಂದು ಚಿಹ್ನೆಯ ದೆಸೆಯಿಂದ ದರ ಲೆಕ್ಕ, ಆರ್ಡರ್ ಗುಂಡಿ, ಪಾವತಿ ಎಲ್ಲವೂ ನಿಲ್ಲುತ್ತವೆ. ಇದಕ್ಕಾಗಿ ಹೊಸ ವ್ಯಾಕರಣದ ಬರಹವನ್ನು ಹಳೆಯ ವ್ಯಾಕರಣಕ್ಕೆ ತಾನಾಗಿ ಪರಿವರ್ತಿಸುವ ಬೇಬಲ್‌ನಂತಹ ಸಾಧನಗಳಿವೆ. ಜಾಲತಾಣ ನಿರ್ಮಿಸುವವರು ಅದನ್ನು ಬಳಸಿದ್ದಾರೆಯೇ, ಯಾವ ಆವೃತ್ತಿಯವರೆಗೆ ಹಿಂದಕ್ಕೆ ಹೋಗಿದ್ದಾರೆ ಎಂದು ಕೇಳುವ ಹಕ್ಕು ಹಣ ಕೊಡುವವರಿಗೆ ಇದೆ.

ಪಾಲಿಫಿಲ್‌ಗಳನ್ನು ಹೊರಗಿನ ಸರ್ವರಿನಿಂದ ಉಚಿತವಾಗಿ ಪಡೆಯುವ ರೂಢಿಯು 2024ರಲ್ಲಿ ದುಬಾರಿಯಾಗಿ ಪರಿಣಮಿಸಿತು. ಪಾಲಿಫಿಲ್ ಡಾಟ್ ಐಒ ಎಂಬ ಜನಪ್ರಿಯ ಸೇವೆಯ ವಿಳಾಸವು ಆ ಫೆಬ್ರವರಿಯಲ್ಲಿ ಚೀನಾ ಮೂಲದ ಸಂಸ್ಥೆಯೊಂದರ ಕೈಸೇರಿತು. ಜೂನ್ ವೇಳೆಗೆ ಅಲ್ಲಿಂದ ಬರುತ್ತಿದ್ದ ಕಡತಗಳಲ್ಲಿ, ಮೊಬೈಲ್ ಬಳಕೆದಾರರನ್ನು ಜೂಜಿನ ತಾಣಗಳಿಗೆ ಒಯ್ಯುವ ದುಷ್ಟ ಸಂಕೇತ ಸೇರಿರುವುದು ಪತ್ತೆಯಾಯಿತು. ಒಂದು ಲಕ್ಷಕ್ಕೂ ಹೆಚ್ಚು ಜಾಲತಾಣಗಳು ಆ ಸೇವೆಯನ್ನು ನಂಬಿಕೊಂಡಿದ್ದವು. ಆ ತಾಣಗಳ ಮಾಲೀಕರಲ್ಲಿ ಹಲವರಿಗೆ ತಾವು ಅಂತಹ ಸೇವೆ ಪಡೆಯುತ್ತಿರುವ ವಿಷಯವೇ ತಿಳಿದಿರಲಾರದು. ಇಂತಹ ಕಡತಗಳನ್ನು ತಮ್ಮದೇ ಸರ್ವರಿನಲ್ಲಿ ಇರಿಸಿಕೊಳ್ಳುವುದು ಕ್ಷೇಮ.

ಇಂದಿನ ಸ್ಥಿತಿ

ಎಕ್ಸ್‌ಪ್ಲೋರರ್ 2022ರ ಜೂನ್ 15ರಂದು ನಿವೃತ್ತವಾಯಿತು. ಅದಕ್ಕೆಂದೇ ಬರೆದ ಹಳೆಯ ಕಚೇರಿ ತಂತ್ರಾಂಶಗಳಿಗಾಗಿ ಮೈಕ್ರೋಸಾಫ್ಟಿನ ಎಡ್ಜ್ ಬ್ರೌಸರಿನಲ್ಲಿ ಎಕ್ಸ್‌ಪ್ಲೋರರ್ ರೀತಿಯ ಚಾಲನಾ ವ್ಯವಸ್ಥೆಯನ್ನು ಉಳಿಸಿ, ಕನಿಷ್ಠ 2029ರವರೆಗೆ ಬೆಂಬಲವಿರುವುದೆಂದು ತಿಳಿಸಲಾಗಿದೆ. ಸ್ವತಃ ಎಡ್ಜ್ 2020ರ ಜನವರಿಯಿಂದ ಕ್ರೋಮ್‌ನ ಯಂತ್ರವನ್ನೇ ಬಳಸುತ್ತಿದೆ. ಒಪೆರಾ, ಸ್ಯಾಮ್‌ಸಂಗ್ ಬ್ರೌಸರುಗಳೂ ಹಾಗೆಯೇ. ಹೊರಗೆ ಹಲವು ಫಲಕಗಳಿದ್ದರೂ ಒಳಗೆ ಕ್ರೋಮ್, ಸಫಾರಿ, ಫೈರ್‌ಫಾಕ್ಸ್ ಎಂಬ ಮೂರೇ ಪ್ರಮುಖ ಯಂತ್ರಗಳು ಉಳಿದಿವೆ. ಆಪಲ್, ಗೂಗಲ್, ಮೈಕ್ರೋಸಾಫ್ಟ್, ಮೊಝಿಲ್ಲಾ ಸಂಸ್ಥೆಗಳು 2022ರಿಂದ ಇಂಟರಾಪ್ ಎಂಬ ಹೆಸರಿನಲ್ಲಿ ಪ್ರತಿವರ್ಷ ಕೂಡಿ ಕುಳಿತು ಭೇದಗಳನ್ನು ನಿವಾರಿಸುತ್ತಿವೆ. 2023ರಿಂದ ಬೇಸ್‌ಲೈನ್ ಎಂಬ ಗುರುತೂ ಬಂದಿದೆ. ಒಂದು ಸೌಲಭ್ಯವು ಪ್ರಮುಖ ಬ್ರೌಸರುಗಳೆಲ್ಲದರಲ್ಲೂ ಬಂದು 30 ತಿಂಗಳು ಕಳೆದರೆ ಅದನ್ನು ನಿರಾತಂಕವಾಗಿ ಬಳಸಬಹುದೆಂದು ಇದರ ಅರ್ಥ. ಐಎಸ್‌ಐ ಮುದ್ರೆಯಷ್ಟು ಕಟ್ಟುನಿಟ್ಟಲ್ಲದಿದ್ದರೂ ಉಪಯುಕ್ತ ಗುರುತು.

ಐಫೋನಿನಲ್ಲಿ ಕ್ರೋಮ್ ಹೆಸರಿನಲ್ಲಿ ಕಾಣುವುದು ಒಳಗೆ ಸಫಾರಿಯ ಯಂತ್ರವೇ ಎಂಬುದನ್ನು ಅನೇಕರು ಅರಿಯರು. ಆಪಲ್ ಸಂಸ್ಥೆಯು ಬಹುಕಾಲ ಬೇರೆ ಯಂತ್ರಗಳಿಗೆ ಎಲ್ಲಿಯೂ ಅವಕಾಶ ಕೊಟ್ಟಿರಲಿಲ್ಲ. ಯೂರೋಪ್ ಒಕ್ಕೂಟದಲ್ಲಿ ಕಾನೂನಿನ ಒತ್ತಡದಿಂದ 2024ರ ಮಾರ್ಚ್‌ನಲ್ಲಿ ಅವಕಾಶ ದೊರೆಯಿತು. ಆದುದರಿಂದ ಮೇಜಿನ ಮೇಲಿನ ಕ್ರೋಮ್‌ನಲ್ಲಿ ಸರಿಯಿದೆಯೆಂದು ಐಫೋನಿನ ಕ್ರೋಮ್‌ನಲ್ಲೂ ಸರಿಯಿರುವುದೆಂದು ಭಾವಿಸಲಾಗದು. ಹಳೆಯ ಆಂಡ್ರಾಯ್ಡ್ ಫೋನುಗಳ ಪ್ರಶ್ನೆ ಬೇರೆ. ಆಂಡ್ರಾಯ್ಡ್ 7ಕ್ಕೆ ಕ್ರೋಮ್‌ನ ಹೊಸ ಆವೃತ್ತಿಗಳು 119ಕ್ಕೇ ನಿಂತುಹೋದವು. ಕೈಗೆ ಸಿಕ್ಕಿದ ಫೋನನ್ನು ಹಲವು ವರ್ಷ ಬಳಸುವ ನಮ್ಮ ತಾಲ್ಲೂಕು ಮಟ್ಟದ ಚಿಲ್ಲರೆ ವ್ಯಾಪಾರಿಯೇ ಸಗಟು ಮಾರಾಟಗಾರನ ಗ್ರಾಹಕನಾಗಿದ್ದರೆ ಇದು ಅಲಕ್ಷಿಸತಕ್ಕ ವಿಷಯವಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಜಾಹೀರಾತಿನಿಂದ ಬರುವವರು ಆ ಆಪ್‌ನೊಳಗಿನ ಬ್ರೌಸರಿನಲ್ಲೇ ಪುಟ ನೋಡುತ್ತಾರೆ ಎಂಬುದನ್ನೂ ನೆನಪಿಡಬೇಕು.

ಇಷ್ಟೊಂದು ಫೋನುಗಳನ್ನು ಕೊಂಡು ಪರೀಕ್ಷಿಸುವುದು ಸಣ್ಣ ಸಂಸ್ಥೆಗೆ ಸಾಧ್ಯವಿಲ್ಲ. ಈ ತೊಂದರೆಯೇ ಒಂದು ಭಾರತೀಯ ಉದ್ಯಮಕ್ಕೆ ಮೂಲವಾಯಿತು. 2011ರಲ್ಲಿ ಮುಂಬಯಿಯಲ್ಲಿ ರಿತೇಶ್ ಅರೋರಾ ಮತ್ತು ನಕುಲ್ ಅಗರ್ವಾಲ್ ಸ್ಥಾಪಿಸಿದ ಬ್ರೌಸರ್‌ಸ್ಟ್ಯಾಕ್ ಸಂಸ್ಥೆಯು ನಿಜವಾದ ಫೋನುಗಳನ್ನೂ ಬ್ರೌಸರುಗಳನ್ನೂ ದೂರದಿಂದಲೇ ಬಾಡಿಗೆಗೆ ಒದಗಿಸುತ್ತದೆ. 2021ರಲ್ಲಿ ಹೂಡಿಕೆದಾರರು ಅದರ ಮೌಲ್ಯವನ್ನು 400 ಕೋಟಿ ಡಾಲರ್ ಎಂದು ಕಟ್ಟಿದರು.

ಕರಾರಿನಲ್ಲಿ ಏನಿರಬೇಕು

ಜಾಲತಾಣ ನಿರ್ಮಾಣದ ಕರಾರುಗಳಲ್ಲಿ ಪುಟಗಳ ಸಂಖ್ಯೆ, ಬಣ್ಣ, ಲಾಂಛನಗಳ ವಿವರ ಧಾರಾಳವಾಗಿರುತ್ತದೆ. ಯಾವ ಬ್ರೌಸರುಗಳ ಯಾವ ಆವೃತ್ತಿಗಳಲ್ಲಿ ಕೆಲಸ ಮಾಡಬೇಕೆಂಬ ಒಂದು ಸಾಲೂ ಇರುವುದಿಲ್ಲ. ‘ಎಲ್ಲ ಬ್ರೌಸರುಗಳಲ್ಲಿ’ ಎಂದು ಬರೆಯುವುದು ಏನನ್ನೂ ಬರೆಯದಿರುವುದಕ್ಕೆ ಸಮ. ಈಗಿನ ಜಾಲತಾಣಕ್ಕೆ ಭೇಟಿ ಕೊಟ್ಟವರ ಕಳೆದ ಮೂರು ತಿಂಗಳ ದಾಖಲೆಯನ್ನು ತೆಗೆಸಿ, ನಿಜವಾದ ಗ್ರಾಹಕರು ಯಾವ ಫೋನು, ಯಾವ ಬ್ರೌಸರಿನಿಂದ ಬರುತ್ತಾರೆಂಬುದನ್ನು ನೋಡಿ ಪಟ್ಟಿ ಮಾಡಬೇಕು. ಆ ಪಟ್ಟಿಯನ್ನೇ ಕರಾರಿಗೆ ಅನುಬಂಧವಾಗಿ ಸೇರಿಸಿ, ಹಣದ ಒಂದು ಭಾಗವನ್ನು ಪರೀಕ್ಷೆ ಮುಗಿಯುವವರೆಗೆ ತಡೆಹಿಡಿಯುವುದು ನ್ಯಾಯವಾದ ಕ್ರಮ. ಪರೀಕ್ಷೆಯಲ್ಲಿ ಆಗಸ್ಟ್, ಸೆಪ್ಟೆಂಬರ್ ತಾರೀಖುಗಳು, ಮಾರ್ಚ್ 31 ಮತ್ತು ಏಪ್ರಿಲ್ 1, ಅರ್ಧ ಪೈಸೆಯಲ್ಲಿ ಕೊನೆಗೊಳ್ಳುವ ತೆರಿಗೆ, ಹತ್ತಕ್ಕಿಂತ ಹೆಚ್ಚು ಸಾಲುಗಳ ಆರ್ಡರ್ ಇರಲಿ. ಕನ್ನಡದ ಹೆಸರನ್ನೂ ನಮೂದಿಸಿ ನೋಡಬೇಕು. ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ ‘ಶ್ರೀ’ಯನ್ನು ಜಾವಾಸ್ಕ್ರಿಪ್ಟ್ ನಾಲ್ಕೆಂದು ಎಣಿಸುವುದರಿಂದ ಇಪ್ಪತ್ತು ಅಕ್ಷರದ ಮಿತಿಯಲ್ಲಿ ನಮ್ಮ ಅಂಗಡಿಗಳ ಉದ್ದನೆಯ ಹೆಸರುಗಳು ಹಿಡಿಸುವುದಿಲ್ಲ.

ಇವೆಲ್ಲಕ್ಕಿಂತ ಮುಖ್ಯವಾದದ್ದು, ಬ್ರೌಸರ್ ಹಾಕಿದ ಮೊತ್ತವನ್ನು ಎಂದೂ ಅಂತಿಮವೆಂದು ಒಪ್ಪದಿರುವುದು. ಅದು ಗ್ರಾಹಕನ ಅನುಕೂಲಕ್ಕೆ ತೋರಿಸುವ ಅಂದಾಜು ಮಾತ್ರ. ಆರ್ಡರ್ ಬಂದ ಬಳಿಕ ದರ, ತೆರಿಗೆ, ಒಟ್ಟು ಮೊತ್ತಗಳನ್ನು ವರ್ತಕನ ಸರ್ವರಿನಲ್ಲಿ ಮತ್ತೊಮ್ಮೆ ಲೆಕ್ಕ ಹಾಕಿ ಅದರ ಆಧಾರದ ಮೇಲೆಯೇ ಬಿಲ್ಲು ತಯಾರಾಗಬೇಕು. ಬ್ರೌಸರಿನಲ್ಲಿ ಓಡುವ ಲೆಕ್ಕವನ್ನು ಬಲ್ಲವರು ಬೇಕೆಂದೇ ತಿದ್ದಲೂ ಸಾಧ್ಯ.

ಬ್ರೌಸರುಗಳು ಕೆಲವು ವಾರಗಳಿಗೊಮ್ಮೆ ಹೊಸ ಆವೃತ್ತಿಗೆ ಬದಲಾಗುವುದರಿಂದ ಪರೀಕ್ಷೆಯು ಒಂದು ಬಾರಿಯ ಕೆಲಸವಲ್ಲ. ವಾರ್ಷಿಕ ನಿರ್ವಹಣೆಯ ಕರಾರಿನಲ್ಲಿ ಕನಿಷ್ಠ ಮೂರು ತಿಂಗಳಿಗೊಮ್ಮೆ ಮರುಪರೀಕ್ಷೆಯ ಷರತ್ತು ಇರಬೇಕು. ಜಾಲತಾಣದ ಮೂಲ ಸಾಮರ್ಥ್ಯವನ್ನು ಹಾಗೆಯೇ ಉಳಿಸಿಕೊಳ್ಳಲು ಮಾಡುವ ಇಂತಹ ಖರ್ಚು ಲೆಕ್ಕಪತ್ರ ಮಾನಕ 26ರ ಪ್ರಕಾರ ಆಯಾ ವರ್ಷದ ಲಾಭನಷ್ಟ ಖಾತೆಗೇ ಸೇರತಕ್ಕದ್ದು. ಅದನ್ನು ಆಸ್ತಿಯ ಮೌಲ್ಯಕ್ಕೆ ಕೂಡಿಸಿ ಬ್ಯಾಲೆನ್ಸ್ ಷೀಟಿನಲ್ಲಿ ತೋರಿಸುವಂತಿಲ್ಲ.